ಕಡಲಂಚಿನ ದಾರಿ, ಗುಡ್ಡಾಪುರದ ದಾರಿ

ನಾನು ಗುಮಾಸ್ತನಾಗಿರುವ ಬ್ಯಾಂಕಿನ ಶಾಖೆ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ. ಜತ್ತವನ್ನು ಹಾದುಹೋಗುವ ಹೆದ್ದಾರಿಗೆ ಸರಕಾರ ಯಾವ ಸಂಖ್ಯೆ ಕೊಟ್ಟರೂ ಜನರ ಬಾಯಲ್ಲಿ ಅದು ಗುಹಾಗರ–ವಿಜಾಪುರ ರಸ್ತೆ. ಗುಹಾಗರ ಕೊಂಕಣದ ಕಡಲೂರು. ಅದರ ಉತ್ತರಕ್ಕೆ, ವಾಶಿಷ್ಠಿ ನದಿಯ ಅಳಿವೆಯ ಆಚೆ ದಾಭೋಳವಿದೆ. ಬಹಮನಿ ಅರಸರಿಗೂ ಅವರ ನಂತರ ಬಂದ ವಿಜಾಪುರದ ಆದಿಲಶಾಹಿಗಳಿಗೂ ಅದು ದೊಡ್ಡ ಬಂದರು. 15ನೇ ಶತಮಾನದಲ್ಲಿ ದಖ್ಖನವನ್ನು ಸುತ್ತಿದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ತನ್ನ ನಾಡಿಗೆ ಮರಳಲು ಹಡಗು ಹತ್ತಿದ್ದು ಅಲ್ಲಿಂದಲೇ. ಕಡಲು ಕಾಣದ, ಮಳೆಯೂ ಸರಿಯಾಗಿ ಕಾಣದ ನಮ್ಮ ಬಯಲು ಸೀಮೆಗೆ ಕಡಲಿನೊಡನೆ ದಾರಿಯ ನಂಟು ಇಷ್ಟು ಹಳೆಯದು. ಆದ್ದರಿಂದಲೇ ಕಡಲ ತಡಿಯ ಈ ವಾರ್ಷಿಕಕ್ಕೆ ದಾರಿಯ ವಿಷಯವನ್ನೇ ಬರೆಯುತ್ತಿದ್ದೇನೆ.

ಕಾಸರಗೋಡಿನ ಕನ್ನಡ ಮನೆಗಳಿಗೂ ಜತ್ತದ ಕನ್ನಡ ಮನೆಗಳಿಗೂ ಮರೆಯಲಾಗದ ತಾರೀಖು ಒಂದೇ: 1956ರ ನವೆಂಬರ್ 1. ಅಂದು ನೀವು ಕೇರಳಕ್ಕೆ ಸೇರಿದಿರಿ. ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು. ಅದಕ್ಕೆ ಮೊದಲು ಜತ್ತ ಡಫಳೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. 1948ರಲ್ಲಿ ಅದು ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಜಿಲ್ಲೆ ಹುಟ್ಟಿತು, 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು ಬಂತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನೂ ಜತ್ತದ ಕೆಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದಿತು. ವರದಿ ಕಡತದಲ್ಲಿಯೇ ಉಳಿಯಿತು. ಆ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಗಡಿಯ ಗೆರೆಗಿಂತ ಬಹಳ ಹಳೆಯದಾದ, ಅದನ್ನು ದಾಟಿ ಹೋಗುವ ಇನ್ನೊಂದು ಗೆರೆಯಿದೆ. ಅದು ಜನ ನಡೆದು ಮಾಡಿದ ಕಾಲುದಾರಿ. ಅದನ್ನು ಉಳಿಸುವುದು, ಸುಧಾರಿಸುವುದು, ಸಾಧ್ಯವಾದರೆ ಮುಂದಕ್ಕೆ ಬೆಳೆಸುವುದು ಹೇಗೆಂಬುದೇ ಈ ಬರಹದ ವಿಷಯ.

ಮೊದಲು ನಿಮ್ಮ ಕಡಲ ದಾರಿಯನ್ನೇ ನೋಡೋಣ. ಮೊರಾಕ್ಕೋ ದೇಶದ ಇಬ್ನ್ ಬತೂತ 1342ರ ಸುಮಾರಿಗೆ ಈ ಕರಾವಳಿಗೆ ಬಂದ. ಗೋವೆಯಿಂದ ಕೊಲ್ಲಂವರೆಗೆ ಕಡಲಂಚಿನಲ್ಲಿ ಎರಡು ತಿಂಗಳ ದಾರಿ ಎಂದು ಅವನು ಬರೆದಿಟ್ಟಿದ್ದಾನೆ. ಬಾರ್ಕೂರು, ಮಂಗಳೂರು, ಏಳಿಮಲೆಗಳ ಹೆಸರುಗಳನ್ನು ತನ್ನ ಉಚ್ಚಾರದಲ್ಲಿ ಹೇಳಿದ್ದಾನೆ. ಮಂಗಳೂರಿಗೂ ಏಳಿಮಲೆಗೂ ನಡುವಿನ ನೆಲವೆಂದರೆ ಇಂದಿನ ಕಾಸರಗೋಡು ಸೀಮೆಯೇ. ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ದಣಿದವರು ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಕುದುರೆ ಅರಸನಿಗೆ ಮಾತ್ರ, ಉಳಿದವರು ನಡೆಯುತ್ತಿದ್ದರು. ವರ್ತಕರ ಸರಕೂ ಹೊರೆಯಾಳುಗಳ ಹೆಗಲ ಮೇಲೆ ಸಾಗುತ್ತಿತ್ತು. ಅರ್ಧ ಲೋಕ ಸುತ್ತಿದ ಆ ಯಾತ್ರಿಕನೇ ಇದಕ್ಕಿಂತ ನಿರ್ಭಯವಾದ ದಾರಿಯನ್ನು ಕಂಡಿಲ್ಲವೆಂಬ ಅರ್ಥದಲ್ಲಿ ಬರೆದಿದ್ದಾನೆ. ಎಲ್ಲವೂ ಸಮಾನವಾಗಿತ್ತೆಂದಲ್ಲ. ಪರಧರ್ಮದವರಿಗೆ ಪಾತ್ರೆ ಮುಟ್ಟಗೊಡದೆ ಬೊಗಸೆಗೆ ನೀರು ಹೊಯ್ಯುತ್ತಿದ್ದರೆಂದೂ ಅವನೇ ಹೇಳುತ್ತಾನೆ. ಆದರೆ ನೀರಿಲ್ಲವೆಂದು ಯಾರನ್ನೂ ಅಟ್ಟುತ್ತಿರಲಿಲ್ಲ.

ಈ ವರ್ಣನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು ಸಂಗತಿ. ಇಬ್ನ್ ಬತೂತ ದಾರಿಯ ಅಗಲವನ್ನು ಹೊಗಳಲಿಲ್ಲ. ನೆರಳು, ಜಗಲಿ, ಬಾವಿ ಮತ್ತು ಅಭಯವನ್ನು ಹೊಗಳಿದ. ನಡೆಯುವವನ ಅಳತೆಗೋಲು ಅದು. ಆ ದಾರಿಗೆ ಇದ್ದ ತೊಡಕು ಹೊಳೆಗಳು. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಹೀಗೆ ಒಂದಾದ ಮೇಲೊಂದು ಹೊಳೆ ಕಡಲಿಗೆ ಸೇರುವಲ್ಲಿ ದಾರಿ ಕಡಿಯುತ್ತದೆ. ಅಲ್ಲಿ ದಾರಿಯನ್ನು ಜೋಡಿಸುತ್ತಿದ್ದುದು ಕಡವು. ಕನ್ನಡಕ್ಕೂ ಮಲೆಯಾಳಕ್ಕೂ ಸೇರಿದ ಮಾತು ಅದು. 1801ರ ಜನವರಿಯಲ್ಲಿ ಮಲಬಾರಿನಿಂದ ಕೆನರಾದೊಳಗೆ ಬಂದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗ, ಬೇಕಲಗಳ ಮೇಲೆ ಮಂಗಳೂರಿನ ಕಡೆಗೆ ಸಾಗಿದ್ದೂ ಹೀಗೆ ಹೊಳೆ ದಾಟಿಯೇ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅಂಬಿಗನಿಲ್ಲದ ದಿನ ಕಡಲ ದಾರಿಯೂ ಇಲ್ಲ. ದಾರಿಯೆಂದರೆ ನೆಲ ಮಾತ್ರವಲ್ಲ, ಅದನ್ನು ನಡೆಸಿಕೊಡುವ ಜನ ಎಂಬುದನ್ನು ಕಡವು ಕಲಿಸುತ್ತದೆ.

ನಮ್ಮ ಒಳನಾಡಿನಲ್ಲಿಯೂ ಇದೇ ಕ್ರಮವಿತ್ತು. ಅರವಟ್ಟಿಗೆ ಇಡಿಸುವುದು, ಕೆರೆ ಕಟ್ಟಿಸುವುದು, ಸತ್ರಕ್ಕೆ ಭೂಮಿ ಬಿಡುವುದು ಇವನ್ನು ಕನ್ನಡ ಶಾಸನಗಳು ಪುಣ್ಯದ ಕೆಲಸಗಳೆಂದು ಬರೆದಿವೆ. ನೀವು ಮಲೆಯಾಳದಲ್ಲಿ ತಣ್ಣೀರ್ ಪಂದಲ್ ಎನ್ನುವುದೇ ನಮ್ಮ ಅರವಟ್ಟಿಗೆ. ತಲೆಯ ಮೇಲಿನ ಹೊರೆಯನ್ನು ಯಾರ ನೆರವೂ ಇಲ್ಲದೆ ಇಳಿಸಿ ಮತ್ತೆ ಏರಿಸಿಕೊಳ್ಳಲು ನೆಟ್ಟ ಕಲ್ಲಿಗೆ ನಿಮ್ಮಲ್ಲಿ ಅತ್ತಾಣಿ, ಕನ್ನಡದಲ್ಲಿ ಹೊರೆಗಲ್ಲು. ಎರಡು ನುಡಿಗಳಲ್ಲಿ ಎರಡು ಹೆಸರು, ದಣಿವು ಒಂದೇ. ಆ ಕಲ್ಲು ನೆಡಿಸಿದವರ ಹೆಸರು ಎಷ್ಟೋ ಕಡೆ ಯಾರಿಗೂ ನೆನಪಿಲ್ಲ. ಆದರೂ ಅದರ ಎತ್ತರ ಮನುಷ್ಯನ ಹೆಗಲಿಗೆ ಸರಿಯಾಗಿಯೇ ಇರುತ್ತದೆ.

ಜತ್ತ ತಾಲ್ಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಗುಡಿಯಿದೆ. ದಾನಮ್ಮ 12ನೇ ಶತಮಾನದ ಶರಣೆ. ನಮ್ಮ ತಾಲ್ಲೂಕಿನ ಉಮರಾಣಿ ಅವಳ ಹುಟ್ಟೂರು, ಲಿಂಗಮ್ಮ ಅವಳ ಮೊದಲ ಹೆಸರು, ದಾನ ಮಾಡಿ ದಾನಮ್ಮಳಾದಳು ಎಂಬುದು ಪರಂಪರೆಯ ಮಾತು. ಛಟ್ಟಿ ಅಮಾವಾಸ್ಯೆಗೆ, ಅಂದರೆ ಕಾರ್ತಿಕದ ಅಮಾವಾಸ್ಯೆಗೆ, ಅಲ್ಲಿ ಜಾತ್ರೆ ನೆರೆಯುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರ ಕಡೆಗಳಿಂದ ಜನ ನಡೆದು ಬರುತ್ತಾರೆ. ಹರಕೆ ಹೊತ್ತವರು, ಹೊಸದಾಗಿ ಮದುವೆಯಾದವರು, ಎಪ್ಪತ್ತು ದಾಟಿದ ಮುದುಕಿಯರು, ರಜೆ ಹಾಕಿ ಬಂದ ಮಾಸ್ತರರು. ನಾನೂ ಹಲವು ವರ್ಷ ಟಿಕೋಟಾದಿಂದ ಅವರೊಡನೆ ನಡೆದಿದ್ದೇನೆ.

ನಡೆಯುವಾಗ ಗಡಿ ಎಲ್ಲಿ ಬಂತೆಂಬುದು ಸುಲಭವಾಗಿ ತಿಳಿಯುವುದಿಲ್ಲ. ಡಾಂಬರಿನ ಬಣ್ಣ ಬದಲಾಗುತ್ತದೆ, ಮೈಲಿಗಲ್ಲಿನ ಲಿಪಿ ಬದಲಾಗುತ್ತದೆ. ಜೋಳದ ಹೊಲ ಬದಲಾಗುವುದಿಲ್ಲ, ಮಾತು ಬದಲಾಗುವುದಿಲ್ಲ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಹಳ್ಳಿ ಬಂದಲ್ಲೆಲ್ಲ ಯಾರಾದರೂ ರಸ್ತೆಗೆ ಅಡ್ಡ ನಿಂತು ಚಹಾ ಕುಡಿದೇ ಹೋಗಬೇಕು ಎನ್ನುತ್ತಾರೆ. ಒಬ್ಬರು ಮಜ್ಜಿಗೆ ಕೊಟ್ಟರೆ ಇನ್ನೊಬ್ಬರು ಕಾಲಿಗೆ ಎಣ್ಣೆ ಹಚ್ಚಲು ಕೂರುತ್ತಾರೆ. ಕೊಡುವವರಲ್ಲಿ ಲಿಂಗಾಯತರಿದ್ದಾರೆ, ಧನಗರರಿದ್ದಾರೆ, ಮರಾಠರಿದ್ದಾರೆ, ಮುಸಲ್ಮಾನರೂ ಇದ್ದಾರೆ. ದಾನಮ್ಮನ ಹೆಸರಿಗೆ ಇದಕ್ಕಿಂತ ಬೇರೆ ಸ್ಮಾರಕ ಬೇಕಿಲ್ಲವೆಂದು ನನಗೆ ಅನಿಸಿದೆ.

ನಡೆದಾರಿ ಬೆಳೆಯುವ ಬಗೆಯನ್ನು ಪಂಢರಪುರದ ಚರಿತ್ರೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. 1237ರಲ್ಲಿ ಹೊಯ್ಸಳ ಸೋಮೇಶ್ವರನು ಭೀಮಾ ತೀರದ ಪಂಡರಗೆಯಲ್ಲಿ ಬೀಡುಬಿಟ್ಟು ವಿಠಲನಿಗೆ ದತ್ತಿ ಬಿಟ್ಟ ಶಾಸನವಿದೆ. ಅರಸ ಹೋದ ದಾರಿಯಲ್ಲಿ ಜನರೂ ಹೋಗುತ್ತಿದ್ದಿರಬೇಕು. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಒಯ್ಯುವ ಪದ್ಧತಿ ತಂದರು. 19ನೇ ಶತಮಾನದ ಮೊದಲ ಭಾಗದಲ್ಲಿ, ಗ್ವಾಲಿಯರದ ಶಿಂದೆಯವರ ಸೇವೆ ಬಿಟ್ಟು ಬಂದ ಹೈಬತಬಾಬಾ ಆರಫಳಕರ ಅವರು ಆಳಂದಿಯ ಜ್ಞಾನೇಶ್ವರರ ಪಲ್ಲಕ್ಕಿಗೆ ಇಂದಿನ ಶಿಸ್ತು ಕಟ್ಟಿಕೊಟ್ಟರು. ಯಾವ ದಿಂಡಿ ಮುಂದೆ, ಯಾವುದು ಹಿಂದೆ, ರಾತ್ರಿ ಎಲ್ಲಿ ತಂಗಬೇಕು ಎಂಬುದೆಲ್ಲ ಗೊತ್ತಾಯಿತು. ಚದುರಿ ನಡೆಯುತ್ತಿದ್ದ ಜನ ಒಂದು ಊರಿನಂತೆ ನಡೆಯತೊಡಗಿದರು. ಇದಕ್ಕೆ ಒಂದು ಕಲ್ಲನ್ನೂ ಹಾಸಬೇಕಾಗಲಿಲ್ಲ.

ಈ ಕೆಲಸದಲ್ಲಿ ಅವರಿಗೆ ನೆರವಾದವರು ಅಂಕಲಿಯ ಶಿತೋಳೆ ಸರದಾರರು. ಅಂಕಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಊರು. ಇಂದಿಗೂ ಜ್ಞಾನೇಶ್ವರರ ಪಲ್ಲಕ್ಕಿಯ ಮುಂದೆ ಹೋಗುವ ಕುದುರೆಗಳು ಪ್ರತಿ ವರ್ಷ ಅಂಕಲಿಯಿಂದ ಹೊರಟು, ಮಿರಜ, ಸಾಂಗಲಿ, ಸಾತಾರಾಗಳ ಮೇಲೆ ಆಳಂದಿಗೆ ನಡೆದೇ ಹೋಗುತ್ತವೆ. ಲಾರಿಯಲ್ಲಿ ಒಯ್ದರೆ ಒಂದು ರಾತ್ರಿಯ ಕೆಲಸ. ಹಾಗೆ ಮಾಡುವುದಿಲ್ಲ. ಆಳಂದಿಯಿಂದ ಪಂಢರಪುರದವರೆಗೆ ಎಂದು ಎಲ್ಲರೂ ತಿಳಿದ ದಾರಿಯ ಬಾಲ ಹೀಗೆ ಕನ್ನಡ ನಾಡಿನೊಳಗೆ ಚಾಚಿಕೊಂಡಿದೆ. ದಾರಿಯನ್ನು ಉದ್ದ ಮಾಡುವುದೆಂದರೆ ಇದು. ಯಾರೋ ಒಬ್ಬರು ತಮ್ಮ ಊರಿನಿಂದ ನಡೆಯಲು ಶುರುಮಾಡುತ್ತಾರೆ, ಅವರ ಮಕ್ಕಳು ಅದನ್ನು ಬಿಡುವುದಿಲ್ಲ.

ಇನ್ನು ಸರಕಾರ ಮಾಡುವ ಸುಧಾರಣೆ. 2021ರ ನವೆಂಬರ್ 8ರಂದು ಎರಡು ಪಾಲಖಿ ಮಾರ್ಗಗಳ ಚತುಷ್ಪಥಕ್ಕೆ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ಜ್ಞಾನೇಶ್ವರ ಮಾರ್ಗ ದಿವೆ ಘಾಟಿನಿಂದ ಮೋಹೋಳದವರೆಗೆ ಸುಮಾರು 221 ಕಿಲೋಮೀಟರ್, ತುಕಾರಾಮ ಮಾರ್ಗ ಸುಮಾರು 130 ಕಿಲೋಮೀಟರ್. ಮೊದಲನೆಯದಕ್ಕೆ 6,690 ಕೋಟಿ ರೂಪಾಯಿಗೆ ಮೇಲ್ಪಟ್ಟು, ಎರಡನೆಯದಕ್ಕೆ ಸುಮಾರು 4,400 ಕೋಟಿ ಎಂದು ಅಂದಾಜು ಮಾಡಿದ್ದರು. ಎರಡೂ ಬದಿಗೆ ನಡೆಯುವವರಿಗಾಗಿಯೇ ಪ್ರತ್ಯೇಕ ಪಥ ಇಡಬೇಕೆಂಬುದು ಯೋಜನೆಯ ವಿಶೇಷ. ಹೆದ್ದಾರಿಯ ನಕ್ಷೆಯಲ್ಲಿ ಪಾದಚಾರಿಗೂ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ. ಲಕ್ಷಗಟ್ಟಲೆ ಜನ ಶತಮಾನಗಳಿಂದ ನಡೆದು ಗಳಿಸಿದ ಹಕ್ಕು ಅದು. ಆದರೆ ಕಾಂಕ್ರೀಟಿನ ಪಥಕ್ಕೆ ಆಲ, ಬೇವು, ಹುಣಸೆಯ ನೆರಳು ಬರಲು ಇನ್ನೊಂದು ತಲೆಮಾರು ಬೇಕು. ದೊಡ್ಡ ಪಲ್ಲಕ್ಕಿಗಳಿಲ್ಲದ, ಪತ್ರಿಕೆಗಳಲ್ಲಿ ಫೋಟೋ ಬಾರದ ತೆಂಕಣ ದಾರಿಗಳಿಗೆ ಇಂಥ ಪಥವೂ ಇಲ್ಲ.

ಗುಡ್ಡಾಪುರದ ದಾರಿಯಲ್ಲಿ ನಡೆಯುವವರ ಕಷ್ಟ ಏನೆಂದು ನೋಡಿದವನಾಗಿ ಹೇಳುತ್ತೇನೆ. ಛಟ್ಟಿ ಅಮಾವಾಸ್ಯೆಯ ಹೊತ್ತಿಗೇ ಕಬ್ಬಿನ ಹಂಗಾಮು ಶುರುವಾಗಿರುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಅದರ ಮೇಲೆ ಕಿವಿ ಕಿವುಡಾಗುವ ಹಾಡು, ಹಿಂದೆ ಕೆಂಪು ದೀಪವಿಲ್ಲ. ಬಿಸಿಲು ತಪ್ಪಿಸಲು ಜನ ನಡೆಯುವುದು ನಸುಕಿನಲ್ಲಿ ಮತ್ತು ರಾತ್ರಿ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಬದಿಯ ಮಣ್ಣು ಇದ್ದಲ್ಲೇ ಇರುತ್ತದೆ. ಗೇಣುದ್ದದ ಆ ಅಂಚಿನಲ್ಲಿ ಕಾಲು ಉಳುಕಿ ಅರ್ಧ ದಾರಿಯಲ್ಲೇ ಬಸ್ಸು ಹತ್ತಿದ ಅಜ್ಜಿಯರನ್ನು ಕಂಡಿದ್ದೇನೆ. ಅವರು ಅತ್ತದ್ದು ನೋವಿಗಲ್ಲ, ಹರಕೆ ಮುರಿಯಿತೆಂದು.

ಹಾಗಾದರೆ ಹಿಂದಿನವರು ಎಲ್ಲಿ ನಡೆಯುತ್ತಿದ್ದರು? ಈ ಪ್ರಶ್ನೆಗೆ ಉತ್ತರ ನನ್ನ ಮೇಜಿನ ಮೇಲೆಯೇ ಆಗಾಗ ಬರುತ್ತದೆ. ಬೆಳೆಸಾಲಕ್ಕೆ ಬಂದ ರೈತರು ಸಾತ್–ಬಾರಾ ಉತಾರದೊಡನೆ ಕೆಲವೊಮ್ಮೆ ಗ್ರಾಮ ನಕ್ಷೆಯ ಪ್ರತಿಯನ್ನೂ ತರುತ್ತಾರೆ. ಅದರಲ್ಲಿ ಗಾಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ಡಾಂಬರು ರಸ್ತೆಯ ಹಂಗಿಲ್ಲದೆ ಊರಿಂದೂರಿಗೆ ನೇರವಾಗಿ ಹೋಗುವ ಗೆರೆಗಳವು. ಹೊಲಕ್ಕೆ ಹೋಗಿ ನೋಡಿದರೆ ಆ ಚುಕ್ಕೆಗಳ ಮೇಲೆ ಇಂದು ದಾಳಿಂಬೆಯ ತೋಟವಿರುತ್ತದೆ, ತಂತಿಬೇಲಿ ಇರುತ್ತದೆ, ಇಲ್ಲವೆ ಕೊಳವೆಬಾವಿಯ ಶೆಡ್ಡು ಇರುತ್ತದೆ. ರೈತನನ್ನು ದೂರಲಾಗದು; ಹತ್ತು ಗುಂಟೆಯೂ ಅವನಿಗೆ ದೊಡ್ಡದು. ಹೊಲಕ್ಕೆ ಹೋಗುವ ವಾಡಿಕೆಯ ದಾರಿಗೆ ಯಾರಾದರೂ ಅಡ್ಡಿ ಮಾಡಿದರೆ ತೆರವು ಮಾಡಿಸುವ ಅಧಿಕಾರವನ್ನು 1906ರ ಮಾಮಲೇದಾರ ಕೋರ್ಟ್ ಕಾಯ್ದೆ ತಹಶೀಲದಾರರಿಗೆ ಕೊಟ್ಟಿದೆ. ಆದರೆ ದಾರಿಹೋಕನು ಯಾವ ಹೊಲದ ಒಡೆಯನೂ ಅಲ್ಲ. ವರ್ಷಕ್ಕೊಮ್ಮೆ ನಡೆದು ಬರುವ ಅಜ್ಜಿ ಅರ್ಜಿ ಬರೆಯುವುದಿಲ್ಲ. ಹೀಗೆ ಕಾಗದದ ಮೇಲೆ ಬದುಕಿದ ದಾರಿ ನೆಲದ ಮೇಲೆ ಸಾಯುತ್ತದೆ.

ಬೇರೆ ದೇಶದವರು ಇದನ್ನು ಹೇಗೆ ಬಿಡಿಸಿಕೊಂಡರೆಂದು ನೋಡುವುದು ಒಳ್ಳೆಯದು. ವೇಲ್ಸ್ ನಾಡು 2012ರಲ್ಲಿ ತನ್ನ ಕಡಲಂಚಿನುದ್ದಕ್ಕೂ ಸುಮಾರು 1,400 ಕಿಲೋಮೀಟರ್ ನಡೆದಾರಿಯನ್ನು ತೆರೆಯಿತು. ಇಂಗ್ಲೆಂಡ್ 2009ರಲ್ಲಿ ಕಾನೂನು ಮಾಡಿ ತನ್ನ ಕಡಲ ತಡಿಗೆ ಸುಮಾರು 4,300 ಕಿಲೋಮೀಟರ್ ದಾರಿಯನ್ನು ತುಂಡು ತುಂಡಾಗಿ ಜೋಡಿಸತೊಡಗಿತು. 2023ರಲ್ಲಿ ಅದಕ್ಕೆ ಮೂರನೆಯ ಚಾರ್ಲ್ಸ್ ದೊರೆಯ ಹೆಸರಿಟ್ಟರು. ಆ ಕಾನೂನಿನಲ್ಲಿ ಕಾಸರಗೋಡಿನವರು ಗಮನಿಸಬೇಕಾದ ಒಂದು ಅಂಶವಿದೆ. ಕಡಲು ದಡವನ್ನು ಕೊರೆದರೆ ದಾರಿಯೂ ಒಳಕ್ಕೆ ಸರಿಯಲು ಅದರಲ್ಲಿ ಅವಕಾಶವಿಟ್ಟಿದ್ದಾರೆ. ದಾರಿಯ ಮಣ್ಣು ಹೋದರೂ ನಡೆಯುವವನ ಹಕ್ಕು ಹೋಗುವುದಿಲ್ಲ. ಮಳೆಗಾಲದಲ್ಲಿ ತೆಂಗಿನ ಮರಗಳ ಸಾಲು ಸಾಲೇ ಕಡಲಪಾಲಾಗುವುದನ್ನು ಕಂಡ ನಿಮಗೆ ಇದರ ಬೆಲೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಉದಾಹರಣೆಗೆ ಕಾನೂನೂ ಬೇಕಾಗಲಿಲ್ಲ. ಸ್ಪೇನಿನ ಸಾಂತಿಯಾಗೊ ಗುಡಿಗೆ ಯುರೋಪಿನ ಜನ ಮಧ್ಯಯುಗದಲ್ಲಿ ನಡೆದು ಹೋಗುತ್ತಿದ್ದರು. ಕಾಲಕ್ರಮದಲ್ಲಿ ಆ ದಾರಿ ಬಹುಮಟ್ಟಿಗೆ ಮರೆತುಹೋಯಿತು. ಬೆಟ್ಟದ ಮೇಲಿನ ಒ ಸೆಬ್ರೇರೊ ಎಂಬ ಹಳ್ಳಿಯ ಪಾದ್ರಿ ಎಲಿಯಾಸ್ ವಲೀಞ ಅವರು 1984ರಲ್ಲಿ ಹಳದಿ ಬಣ್ಣದ ಡಬ್ಬ ಹಿಡಿದು ಹೊರಟು, ದಾರಿ ಕವಲೊಡೆಯುವಲ್ಲೆಲ್ಲ ಮರ, ಕಲ್ಲು, ಗೋಡೆಗಳ ಮೇಲೆ ಬಾಣದ ಗುರುತು ಬರೆದರು. ರಸ್ತೆ ಕೆಲಸದಲ್ಲಿ ಮಿಕ್ಕ ಬಣ್ಣ ಅದೆಂದು ಹೇಳುತ್ತಾರೆ. 1987ರಲ್ಲಿ ಯುರೋಪಿನ ಮಂಡಳಿ ಆ ದಾರಿಯನ್ನು ಮೊದಲ ಸಾಂಸ್ಕೃತಿಕ ಮಾರ್ಗವೆಂದು ಸಾರಿತು, 1993ರಲ್ಲಿ ಅದರ ಸ್ಪೇನಿನ ಭಾಗ ಯುನೆಸ್ಕೋ ಪಟ್ಟಿ ಸೇರಿತು. ಈಗ ವರ್ಷಕ್ಕೆ ಲಕ್ಷಾಂತರ ಜನ ಆ ಬಾಣಗಳನ್ನು ನೋಡಿಕೊಂಡು ನಡೆಯುತ್ತಾರೆ. ಒಂದು ಡಬ್ಬ ಬಣ್ಣಕ್ಕೆ ಎಷ್ಟು ಖರ್ಚಾದೀತು?

ಕನ್ನಡ ಅಲ್ಪಸಂಖ್ಯಾತರ ಪತ್ರಿಕೆಗೆ ದಾರಿಯ ವಿಷಯ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಜತ್ತ ತಾಲ್ಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆದರೆ ಅಲ್ಲಿ ಕಲಿತ ಕನ್ನಡ ಶಾಲೆಯ ಗೇಟಿನ ಹೊರಗೆ ಯಾವ ಕೆಲಸಕ್ಕೆ ಎಂದು ಮಕ್ಕಳು ಕೇಳುತ್ತಾರೆ. ಕಚೇರಿಯ ಅರ್ಜಿ ಮರಾಠಿಯಲ್ಲಿ, ಬ್ಯಾಂಕಿನ ಚೀಟಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಹಿ ಮಾಡುವ ಮುದುಕರು ನನ್ನ ಕೌಂಟರಿಗೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದರೆ ಅಮಾವಾಸ್ಯೆಗೆ ಮುಂಚಿನ ನಾಲ್ಕಾರು ದಿನ ಅದೇ ಮಕ್ಕಳು ಕೊಡ ಹಿಡಿದು ರಸ್ತೆಗೆ ಬರುತ್ತಾರೆ. ಬಾಗಲಕೋಟೆಯ ಅಪರಿಚಿತ ಹೆಂಗಸಿಗೆ ನೀರು ಕೊಟ್ಟು, ಯಾವ ಊರವ್ವಾ ಎಂದು ಕೇಳುತ್ತಾರೆ. ಗುಡ್ಡಾಪುರ ಇನ್ನೆಷ್ಟು ದೂರ ಎಂದು ಅವಳು ಕೇಳಿದರೆ ಹೇಳುತ್ತಾರೆ, ಏಕೆಂದರೆ ದಾರಿಯ ಫಲಕವನ್ನು ಅವಳು ಓದಲಾರಳು. ಮನೆಯ ಮಾತು ಮನೆಯ ಹೊರಗೂ ನಡೆಯುತ್ತದೆಂದು ಆ ಮಕ್ಕಳಿಗೆ ಗೊತ್ತಾಗುವುದು ಆಗ. ಮುದುಕಿಯರು ನಡೆಯಲಾರದಂಥ ರಸ್ತೆಯಾದರೆ ಮುಂದೆ ಎಲ್ಲರೂ ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುತ್ತಾರೆ. ಗುಡಿಗೆ ಕಾಣಿಕೆ ಬರುತ್ತದೆ, ಹಳ್ಳಿಗೆ ಮಾತು ಬರುವುದಿಲ್ಲ.

ಆದ್ದರಿಂದ ನನ್ನ ಸಲಹೆಗಳು ದೊಡ್ಡವಲ್ಲ. ಗಡಿಯ ಎರಡೂ ಬದಿಯ ಗ್ರಾಮ ಪಂಚಾಯತಿಗಳು ತಮ್ಮ ತಮ್ಮ ನಕ್ಷೆಯ ಚುಕ್ಕೆಗೆರೆಗಳನ್ನು ಒಟ್ಟಿಗಿಟ್ಟು, ಹೆದ್ದಾರಿ ಬಿಟ್ಟು ನಡೆಯಬಹುದಾದ ಒಂದು ಸಾಲನ್ನು ಗುರುತಿಸಲಿ. ತೆರೆಯಬಹುದಾದಲ್ಲಿ ರೈತನ ಒಪ್ಪಿಗೆಯಿಂದ ತೆರೆಯಲಿ. ಕೆಲವರು ಜಾತ್ರೆಯ ವಾರಕ್ಕಾದರೂ ಬೇಲಿ ಸರಿಸಲು ಒಪ್ಪುತ್ತಾರೆ. ಹೆದ್ದಾರಿಯಲ್ಲೇ ನಡೆಯಬೇಕಾದ ಕಡೆ ಅಂಚಿಗೆ ಮಣ್ಣು ತುಂಬಿ ಮಟ್ಟ ಮಾಡಲಿ. ಕಬ್ಬಿನ ಟ್ರೇಲರುಗಳಿಗೆ ಹಿಂದೆ ಕೆಂಪು ರೇಡಿಯಮ್ ಪಟ್ಟಿ ಅಂಟಿಸಲಿ. ಕವಲುಗಳಲ್ಲಿ ಬಾಣದ ಗುರುತು, ಅದರ ಕೆಳಗೆ ಊರ ಹೆಸರು ಮರಾಠಿಯಲ್ಲೂ ಕನ್ನಡದಲ್ಲೂ ಇರಲಿ. ಇದಕ್ಕೆ ಯಾವ ಆಯೋಗವೂ ಬೇಡ, ಯಾವ ಹಳ್ಳಿಯೂ ರಾಜ್ಯ ಬದಲಿಸಬೇಕಿಲ್ಲ. ನಾಲ್ಕು ಫರ್ಲಾಂಗಿಗೊಂದು ಬೇವಿನ ಸಸಿ ನೆಟ್ಟು ಅದನ್ನು ಒಂದೊಂದು ಮನೆಯ ಪಾಲಿಗೆ ಒಪ್ಪಿಸಿದರೆ ಇನ್ನೂ ಚೆನ್ನ.

ಕಡಲ ತಡಿಯ ಓದುಗರಿಗೂ ಒಂದು ಅರಿಕೆ. ತಲಪಾಡಿಯಿಂದ ತೆಂಕಕ್ಕೆ 66ನೇ ಹೆದ್ದಾರಿ ಆರು ಪಥವಾಗಿ ಬೆಳೆದಿದೆ. ತಿರುವನಂತಪುರದ ಪೂವಾರಿನಿಂದ ಮಂಜೇಶ್ವರದ ಕುಂಜತ್ತೂರಿನವರೆಗೆ ತೀರದ ಹೆದ್ದಾರಿಯೊಂದನ್ನು ಕೇರಳ ಸರಕಾರ ಯೋಜಿಸಿತು. ಅದರಲ್ಲಿ ಸೈಕಲ್ಲಿಗೂ ಪಥ ಇಡುವ ಮಾತಿತ್ತು. ಇಂಥ ನಕ್ಷೆಗಳು ಬಂದಾಗ ನಡೆಯುವವನ ಪಾಲು ಎಲ್ಲಿ ಎಂದು ಕೇಳುವವರು ಊರಿನಲ್ಲಿ ಒಬ್ಬಿಬ್ಬರಾದರೂ ಇರಬೇಕು. ಕನ್ನಡದಲ್ಲೂ ಮಲೆಯಾಳದಲ್ಲೂ ಕೇಳಬಹುದು. ಕಡವು ಎಂಬ ಮಾತು ಎರಡರಲ್ಲೂ ಇದೆಯಷ್ಟೆ. ಎಲ್ಲಿ ಹಳೆಯ ಕಡವು ಇತ್ತು, ಎಲ್ಲಿ ಅತ್ತಾಣಿ ಇತ್ತು, ಯಾವ ಕಟ್ಟೆಯ ಬಾವಿಯಲ್ಲಿ ಬೇಸಗೆಯಲ್ಲೂ ಸಿಹಿನೀರು ಸಿಗುತ್ತಿತ್ತು ಎಂಬುದನ್ನು ಬಲ್ಲ ಹಿರಿಯರು ಮಂಜೇಶ್ವರ, ಕುಂಬಳೆಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಶಾಲೆಯ ಮಕ್ಕಳು ಒಂದು ನೋಟುಬುಕ್ಕು ಹಿಡಿದು ಅವರ ಬಳಿ ಕೂತು ಬರೆದುಕೊಳ್ಳಲಿ. ಹೊಸ ದಾರಿಯ ನಕ್ಷೆ ಬರೆಯುವವರ ಮೇಜಿನ ಮೇಲೆ ಆ ನೋಟುಬುಕ್ಕಿನ ಒಂದು ಪ್ರತಿ ಇರುವಂತಾಗಲಿ.